ನಗರಸಭೆಯ ನೋಟೀಸು ಬಂದಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದುಂಟು. ಕಟ್ಟಿದ ಮನೆಗೆ ನಗರಸಭೆಯಿಂದ ನೋಟೀಸು ಬಂದರೆ ಏನು ಮಾಡಬೇಕೆಂದು ಮಾತ್ರ ಅವರು ಹೇಳಿ ಹೋಗಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಮುರಕಲ್ಲು ತರಿಸಿ, ಗೋಡೆ ಎಬ್ಬಿಸಿ, ಹಂಚು ಹೊದೆಸಿದರೆ ಮನೆಯಾಯಿತು. ಮೇಸ್ತ್ರಿಯ ಮಾತೇ ನಕ್ಷೆ. ಇಂದು ಪೇಟೆಯಲ್ಲಿ ನಾಲ್ಕೈದು ಸೆಂಟ್ಸ್ ಸ್ಥಳದೊಳಗೆ ಸಂಸಾರ ಬೆಳೆಯಬೇಕು. ಹಿಂಬದಿಗೆ ಒಂದು ಅಡಿಗೆ ಕೋಣೆ, ಟೆರೇಸಿನ ಮೇಲೆ ಒಂದು ಶೀಟಿನ ಮಾಡು, ರಸ್ತೆ ಬದಿಗೆ ಒಂದು ಅಂಗಡಿ ಕೋಣೆ ಎಂದು ಕೂಡಿಸುತ್ತ ಹೋಗುತ್ತೇವೆ. ಅನುಮತಿಯ ನೆನಪಾಗುವುದು ಕಾಗದ ಬಂದ ಮೇಲೆ.

ನಮ್ಮ ಕಾಸರಗೋಡಿನ ಕನ್ನಡಿಗರಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ಬರುವ ಕಾಗದ ಸಾಧಾರಣವಾಗಿ ಮಲಯಾಳದಲ್ಲಿರುತ್ತದೆ. ಓದಲು ಬಾರದ ಕಾಗದ ಕರೆಂಟು ಬಿಲ್ಲಿನ ಕಟ್ಟಿನೊಳಗೆ ಸೇರಿಬಿಡುತ್ತದೆ. ಶಾಲೆಗೆ ಬರುವ ಹೆತ್ತವರಲ್ಲಿ ಕೆಲವರು ಮಕ್ಕಳ ಅಂಕಪಟ್ಟಿ ನೋಡಿದ ಮೇಲೆ ಚೀಲದಿಂದ ಇಂಥದೊಂದು ಕಾಗದ ತೆಗೆದು, "ಮಾಸ್ಟ್ರೇ, ಇದರಲ್ಲಿ ಏನುಂಟು ಸ್ವಲ್ಪ ನೋಡಿ" ಎನ್ನುವುದುಂಟು. ನೋಡಿದರೆ ಉತ್ತರ ಕೊಡಬೇಕಾದ ದಿನ ಎಷ್ಟೋ ಸಲ ಕಳೆದುಹೋಗಿರುತ್ತದೆ. ಕಟ್ಟಡದ ತಪ್ಪಿಗಿಂತ ಈ ಮೌನವೇ ಮನೆಯವರಿಗೆ ಹೆಚ್ಚು ಹಾನಿ ಮಾಡುತ್ತದೆ.

ಮೊದಲನೆಯ ಕಾಗದ, ಎರಡನೆಯ ಕಾಗದ

ನಗರಸಭೆಗಳಿಗೆ ಅನ್ವಯಿಸುವುದು 1994ರ ಕೇರಳ ಮುನಿಸಿಪಾಲಿಟಿ ಕಾಯಿದೆ. ಅದರ 406ನೇ ವಿಧಿಯ ಪ್ರಕಾರ, ಅನುಮತಿ ಇಲ್ಲದೆ ಅಥವಾ ನಕ್ಷೆಗೆ ವ್ಯತಿರಿಕ್ತವಾಗಿ ಕಟ್ಟಿದ್ದು ಕಂಡುಬಂದರೆ ಕಾರ್ಯದರ್ಶಿಯು ಮೊದಲು ಒಂದು ತಾತ್ಕಾಲಿಕ ಆಜ್ಞೆ ಹೊರಡಿಸಬಹುದು. ಕೆಲಸ ನಿಲ್ಲಿಸಿ, ಕಟ್ಟಿದ್ದನ್ನು ಕೆಡಹಿ ಅಥವಾ ಬದಲಾಯಿಸಿ ಎಂದು ಅದರಲ್ಲಿರುತ್ತದೆ. ಓದಿದವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಅದು ಕೊನೆಯ ಮಾತಲ್ಲ. ಆ ಆಜ್ಞೆಯನ್ನು ಏಕೆ ಸ್ಥಿರಪಡಿಸಬಾರದು ಎಂದು ಕಾರಣ ಕೇಳುವ ನೋಟೀಸು ಅದರ ಜೊತೆಗೇ ಬರುತ್ತದೆ. ಉತ್ತರಕ್ಕೆ ಅವಧಿಯನ್ನೂ ಹೇಳಿರುತ್ತದೆ. ಆ ಅವಧಿಯೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ಆಜ್ಞೆ ಸ್ಥಿರವಾಗುತ್ತದೆ. ಅದನ್ನೂ ಪಾಲಿಸದಿದ್ದರೆ ನಗರಸಭೆಯೇ ಕೆಡಹಿಸಿ ಖರ್ಚನ್ನು ಮನೆಯವರಿಂದ ವಸೂಲು ಮಾಡಬಹುದು.

ಆದುದರಿಂದ ಕಾಗದ ಕೈಸೇರಿದ ದಿನವೇ ಲಕೋಟೆಯ ಮೇಲೆ ತಾರೀಕು ಬರೆದಿಡಿ. ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ. ನೋಟೀಸು ಬಂದ ಮೇಲೆ ರಾತ್ರೋರಾತ್ರಿ ಸ್ಲ್ಯಾಬ್ ಹಾಕಿಸುವವರಿದ್ದಾರೆ. ಅದು ತಮ್ಮ ವಿರುದ್ಧ ತಾವೇ ಸಾಕ್ಷಿ ನಿರ್ಮಿಸಿದ ಹಾಗೆ.

ತಪ್ಪು ಯಾವ ಬಗೆಯದು?

ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ಮೊದಲನೆಯ ಬಗೆಯಲ್ಲಿ ಕಟ್ಟಡವು ನಿಯಮಕ್ಕೆ ಸರಿಯಾಗಿಯೇ ಇದೆ. ಎಲ್ಲ ಕಡೆಯೂ ಬಿಡಬೇಕಾದಷ್ಟು ಜಾಗ ಬಿಟ್ಟಿದೆ. ಅನುಮತಿ ಪಡೆಯಲಿಲ್ಲ ಎಂಬುದಷ್ಟೆ ಕೊರತೆ. ಇಂಥದ್ದನ್ನು ಅರ್ಜಿ ಕೊಟ್ಟು, ಗೊತ್ತುಪಡಿಸಿದ ಶುಲ್ಕ ಕಟ್ಟಿ ಸಕ್ರಮಗೊಳಿಸಲು 407ನೇ ವಿಧಿಯಲ್ಲಿ ಅವಕಾಶವಿದೆ.

ಎರಡನೆಯ ಬಗೆಯಲ್ಲಿ ಕಟ್ಟಡವೇ ನಿಯಮ ಮೀರಿದೆ. ಹಿಂಬದಿಯ ಕೋಣೆ ನೆರೆಯವರ ಆವರಣದ ಗೋಡೆಗೆ ತಾಗಿರಬಹುದು. ಅಂಗಡಿ ಕೋಣೆ ರಸ್ತೆಯ ಗಡಿಯಿಂದ ಬಿಡಬೇಕಾದ ಮೂರು ಮೀಟರಿನೊಳಗೆ ಬಂದಿರಬಹುದು. ಮಳೆಗೆಂದು ಹಾಕಿದ ಶೀಟಿನ ಮಾಡಿನ ಸುತ್ತ ಗೋಡೆ ಎಬ್ಬಿಸಿ ಅದೊಂದು ಮಾಳಿಗೆಯೇ ಆಗಿರಬಹುದು. ಇಲ್ಲಿ ತಪ್ಪಿರುವಷ್ಟು ಭಾಗವನ್ನು ತೆಗೆದು ಉಳಿದದ್ದನ್ನು ಸಕ್ರಮಗೊಳಿಸಿಕೊಳ್ಳುವುದೇ ನೇರ ದಾರಿ. ನಾನು ಬಲ್ಲ ಒಂದು ಮನೆಯವರು ಅಡಿಗೆ ಕೋಣೆಯ ಒಂದು ಗೋಡೆಯನ್ನು ಒಳಕ್ಕೆ ಸರಿಸಿ ಮನೆಯನ್ನು ಉಳಿಸಿಕೊಂಡರು. ಇಂಥ ಕಟ್ಟಡಗಳಿಗೆ ಸರಕಾರ ಆಗಾಗ ವಿಶೇಷ ನಿಯಮಗಳನ್ನೂ ತರುವುದುಂಟು. 2024ರಲ್ಲಿ ಬಂದ ಸಕ್ರಮೀಕರಣ ನಿಯಮಗಳು 2019ರ ನವೆಂಬರ್ 7ರ ವರೆಗಿನ ನಿರ್ಮಾಣಗಳಿಗೆ ಅನ್ವಯಿಸಿದವು. ಅಂಥ ಅವಕಾಶಗಳಿಗೆ ಅರ್ಜಿಯ ಅವಧಿ ಇರುವುದರಿಂದ ಕಛೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ರಸ್ತೆ ಅಗಲಗೊಳಿಸಲು ಉಚಿತವಾಗಿ ಸ್ಥಳ ಬಿಟ್ಟುಕೊಟ್ಟವರಿಗೆ ಕಟ್ಟಡ ನಿಯಮಗಳಲ್ಲಿ ಕೆಲವು ರಿಯಾಯಿತಿಗಳಿವೆ. ಅವರು ಆ ದಾಖಲೆಯನ್ನು ಜೋಪಾನವಾಗಿಡಬೇಕು.

ಮೂರನೆಯ ಬಗೆಯಲ್ಲಿ ತಪ್ಪಿರುವುದು ಸ್ಥಳದಲ್ಲಿಯೇ. ಸಮುದ್ರ ಮತ್ತು ಅಳಿವೆಯ ದಡಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಗದ್ದೆಗಳಿಗೆ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಇದೆ. ಇಲ್ಲಿ ನಗರಸಭೆಯ ಒಪ್ಪಿಗೆ ಒಂದೇ ಸಾಲದು. ಕೊಚ್ಚಿಯ ಮರಡಿನಲ್ಲಿ ಕರಾವಳಿ ನಿಯಮ ಮೀರಿದ ಬಹುಮಹಡಿ ವಸತಿ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2020ರ ಜನವರಿ 11 ಮತ್ತು 12ರಂದು ಸಿಡಿಮದ್ದಿಟ್ಟು ಉರುಳಿಸಿದ್ದು ಎಲ್ಲರಿಗೂ ನೆನಪಿದೆ. ಕಟ್ಟಲು ಸ್ಥಳೀಯಾಡಳಿತದ ಪರವಾನಗಿ ಇದ್ದುದು ಅಲ್ಲಿ ರಕ್ಷಣೆಯಾಗಲಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಅನಧಿಕೃತ ಕಟ್ಟಡಕ್ಕೂ ನಗರಸಭೆ ತೆರಿಗೆ ವಿಧಿಸುತ್ತದೆ, ಸಂಖ್ಯೆಯನ್ನೂ ಕೊಡುವುದುಂಟು. ತೆರಿಗೆ ರಶೀದಿ ಸಿಕ್ಕಿತೆಂದು ಕಟ್ಟಡ ಸಕ್ರಮವಾಯಿತೆಂದು ತಿಳಿಯಬಾರದು.

ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೆ?

ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿರುವ ಸರಕಾರಿ ಕಛೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿಯೇ ವ್ಯವಹರಿಸಬಹುದು, ಮರುತ್ತರವೂ ಕನ್ನಡದಲ್ಲಿಯೇ ಬರಬೇಕು ಎನ್ನುತ್ತದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿಯೂ ಕೊಟ್ಟಿದೆ. ಆದರೆ ನೋಟೀಸಿನ ಕನ್ನಡ ಪ್ರತಿ ಬರಲಿ, ಆ ಮೇಲೆ ನೋಡೋಣ ಎಂದು ಕೈಕಟ್ಟಿ ಕುಳಿತರೆ ಅವಧಿ ನಿಲ್ಲುವುದಿಲ್ಲ. ಯಾರಿಂದಾದರೂ ಓದಿಸಿ, ಅವಧಿಯೊಳಗೆ ಕನ್ನಡದಲ್ಲಿ ಉತ್ತರ ಕೊಟ್ಟು, ಅದರಲ್ಲಿಯೇ ಕನ್ನಡ ಪ್ರತಿಯನ್ನೂ ಕೇಳಿರಿ. ಸಾಧ್ಯವಾದರೆ ಉತ್ತರದ ಮಲಯಾಳ ಅನುವಾದವನ್ನು ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ. ಅದರಿಂದ ನಮ್ಮ ಹಕ್ಕಿಗೆ ಕುಂದಿಲ್ಲ.

ಉತ್ತರದಲ್ಲಿ ಉದ್ದದ ಕತೆ ಬೇಡ. ನೋಟೀಸಿನ ಸಂಖ್ಯೆ ಮತ್ತು ತಾರೀಕು, ಕಟ್ಟಿದ ವರ್ಷ, ಕಟ್ಟಿದ ಭಾಗ, ನೀವು ಕೇಳುವ ಪರಿಹಾರ, ಇಷ್ಟು ಸಾಕು. ಆಸ್ತಿಯ ಆಧಾರಪತ್ರ, ತೀರ್ವೆ ರಶೀದಿ, ಹಿಂದಿನ ಅನುಮತಿ ಇದ್ದರೆ ಅದರ ನಕ್ಷೆ, ಹಳೆಯ ಭಾಗಕ್ಕೆ ಕಟ್ಟಿದ ತೆರಿಗೆಯ ರಶೀದಿಗಳ ನಕಲುಗಳನ್ನು ಲಗತ್ತಿಸಿ. ಅಂಗೀಕೃತ ಇಂಜಿನಿಯರರಿಂದ ಕಟ್ಟಡವನ್ನು ಈಗಿರುವಂತೆಯೇ ಅಳೆಸಿ ನಕ್ಷೆ ಮಾಡಿಸಿ. ಇಲ್ಲದ ಅಳತೆಯನ್ನು ನಕ್ಷೆಯಲ್ಲಿ ತೋರಿಸಬೇಡಿ. ಸ್ಥಳ ಪರಿಶೀಲನೆಗೆ ಬಂದವರ ಟೇಪು ಅದನ್ನು ಹೇಳಿಯೇ ಬಿಡುತ್ತದೆ. 2024ರ ಜನವರಿ 1ರಂದು ನಗರಸಭೆಗಳಲ್ಲಿ ಕೆ-ಸ್ಮಾರ್ಟ್ ಎಂಬ ಗಣಕ ವ್ಯವಸ್ಥೆ ಆರಂಭವಾಗಿದೆ. ಅದರ ಮೂಲಕ ಕೊಟ್ಟರೂ, ಕೈಯಲ್ಲಿ ಕೊಟ್ಟರೂ, ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ. ಮಧ್ಯವರ್ತಿಯ ಬಾಯಿಮಾತು ಸ್ವೀಕೃತಿಯಾಗದು.

ಆಜ್ಞೆ ಸ್ಥಿರವಾದ ಮೇಲೆಯೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸ್ಥಳೀಯಾಡಳಿತ ಸಂಸ್ಥೆಗಳ ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳ ವರೆಗೆ ಅದು ಸ್ವೀಕರಿಸಬಹುದು. ಆದರೆ ಆ ನ್ಯಾಯಮಂಡಳಿ ಇರುವುದು ತಿರುವನಂತಪುರದಲ್ಲಿ, ರಾಜ್ಯದ ಆ ತುದಿಯಲ್ಲಿ. ವಕೀಲರ ಶುಲ್ಕ, ಪ್ರಯಾಣ, ಕೆಲಸಕ್ಕೆ ರಜೆ ಎಲ್ಲ ಸೇರಿದರೆ ಬಡವನಿಗೆ ಅದು ಭಾರವೇ. ಊರಿನ ಕಛೇರಿಯಲ್ಲಿಯೇ ಒಂದು ಹಾಳೆಯ ಉತ್ತರದಿಂದ ಮುಗಿಯಬಹುದಾದದ್ದನ್ನು ಅಲ್ಲಿಯ ವರೆಗೆ ಏಕೆ ಒಯ್ಯಬೇಕು?

ನಮ್ಮ ಊರುಗಳ ವಾಚನಾಲಯಗಳಲ್ಲಿ, ಯುವಕ ಸಂಘಗಳಲ್ಲಿ ಎರಡೂ ಭಾಷೆ ಬಲ್ಲ ತರುಣರಿದ್ದಾರೆ. ವಾರಕ್ಕೊಂದು ಸಂಜೆ ಅವರು ನೆರೆಹೊರೆಯವರ ಕಾಗದಗಳನ್ನು ಓದಿ ಹೇಳಿ, ಉತ್ತರ ಬರೆದುಕೊಟ್ಟರೆ ಅದು ಸಣ್ಣ ಸೇವೆಯಲ್ಲ. ಹೆತ್ತವರೂ ಸಂಕೋಚ ಪಡಬಾರದು. ಕಾಗದ ಬಂದ ವಾರದಲ್ಲಿಯೇ ತಂದು ತೋರಿಸಲಿ.