ತಂತಿ ಮೇಲಿನ ಚಗಳಿ

ಪಗ್ಗು

ಮಾವಿನ ಮರದಿಂದ ನಮ್ಮ ಮಾಡಿಗೆ ಬಂದಿರುವ ಇಂಟರ್ನೆಟ್ ಕೇಬಲ್ಲಿನ ಮೇಲೆ ಚಗಳಿ ಇರುವೆಗಳ ಓಡಾಟ ಬೆಳಗ್ಗೆಯೇ ಶುರು. ಮಂಗಳೂರಿನ ಕದ್ರಿ ಗುಡ್ಡದ ಇಳಿಜಾರಿನ ಹಂಚಿನ ಮನೆಯಲ್ಲಿ ಕೂತು ವೆಬ್‌ಸೈಟ್ ಕಟ್ಟುವವನ ಕಿಟಕಿಗೆ ಕಾಣುವುದು ಇದೇ. ಈ ತುದಿಯಲ್ಲಿ ಹಂಚಿನ ಸಂದಿಯ ಹುಳುಗಳು, ಆ ತುದಿಯಲ್ಲಿ ಮರಿಹುಳಗಳ ರೇಷ್ಮೆಯಿಂದ ಎಲೆ ಹೊಲಿದ ಗೂಡು. ಮಾಡಿಗೆ ತಾಗುತ್ತಿದ್ದ ಕೊಂಬೆ ಕಡಿಸಿದ ಮೇಲೆ ಅವು ನೆಲಕ್ಕಿಳಿಯಲಿಲ್ಲ, ಕೇಬಲ್ ಹಿಡಿದವು. ಇಂಟರ್ನೆಟ್ಟಿಗೆ ಅವುಗಳಿಂದ ತೊಂದರೆಯಿಲ್ಲ. ಏಣಿ ಹತ್ತುವ ಲೈನ್‌ಮನ್ನಿಗೆ ಇದೆ.

ತುಳುವರ ಪಗ್ಗು ತಿಂಗಳಲ್ಲಿ ಸಂಜೆಯಾದರೆ ಕಣ್ಣು ಪೂರ್ವಕ್ಕೆ. ಘಟ್ಟದ ಕಡೆ ಕಪ್ಪುಗಟ್ಟಿದರೆ ಪ್ಲಗ್ ಕೀಳಬೇಕು. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲು ತುಸು ದೂರದಲ್ಲಿ ಬಿದ್ದರೂ ತಂತಿಯಲ್ಲಿ ವೋಲ್ಟೇಜ್ ಉಕ್ಕಿ ಮೋಡೆಮ್ ಸುಡುತ್ತಿತ್ತು. ಈಗಿನ ಫೈಬರಿನೊಳಗೆ ಗಾಜಿನ ಎಳೆ. ಅಲ್ಲಿ ಬೆಳಕಿಗೆ ದಾರಿಯಿದೆ, ವಿದ್ಯುತ್ತಿಗಿಲ್ಲ. ರೂಟರಿನ ಅಡಾಪ್ಟರ್ ಮಾತ್ರ ಗೋಡೆಯ ಸಾಕೆಟ್ಟಿನಲ್ಲೇ ಇದೆ. ಸಿಡಿಲಿಗೆ ಉಳಿದಿರುವ ಬಾಗಿಲು ಅದು.

ಬೇಷ

ಮೊದಲ ಮಳೆಗೆ ಅಂಗಳದ ಮೂಲೆಯಲ್ಲಿ ಕೆಸರು ಕಂಡದ್ದೇ ತಡ, ಮಣ್ಣುಗೂಡಿನ ಕಣಜ ಕೆಲಸಕ್ಕಿಳಿಯಿತು. ಆರಿಸಿಕೊಂಡದ್ದು ಮೇಜಿನ ಹಿಂದೆ ಖಾಲಿಯಿದ್ದ ನೆಟ್‌ವರ್ಕ್ ಸ್ವಿಚ್ಚಿನ ಒಂದು ಪೋರ್ಟು. ಒಳಹೊಕ್ಕು ಅಳತೆ ನೋಡಿತು, ಹಿಮ್ಮುಖವಾಗಿ ಹೊರಬಂತು, ಮತ್ತೆ ಹೊಕ್ಕಿತು. ಆಮೇಲೆ ಪುಟ್ಟ ಜೇಡಗಳ ಸಾಗಾಟ. ಕುಟುಕಿ ನಿಶ್ಚಲಗೊಳಿಸಿದ್ದೇ ಹೊರತು ಕೊಂದದ್ದಲ್ಲ. ಹುಟ್ಟುವ ಮರಿಗೆ ಆಹಾರ ಕೆಡದೆ ಸಿಗಬೇಕಲ್ಲ. ಮೊಟ್ಟೆಯಿಟ್ಟು ಬಾಯಿಗೆ ಮಣ್ಣು ಮೆತ್ತಿ ಹೋಯಿತು. ಆ ಪೋರ್ಟನ್ನು ಬಿಟ್ಟುಕೊಟ್ಟು ಉಳಿದವಕ್ಕೆ ರಬ್ಬರ್ ಬಿರಡೆ ಹಾಕಿದೆ. ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅಮೆರಿಕ ಖಂಡದಿಂದ ಬಂದ ಇಂಥದೇ ಒಂದು ಕಣಜ ವಿಮಾನದ ವೇಗ ಅಳೆಯುವ ನಳಿಗೆಗಳಲ್ಲಿ ಗೂಡು ಕಟ್ಟಿ ಪೈಲಟ್‌ಗಳನ್ನು ಗಾಬರಿಗೊಳಿಸಿದ್ದುಂಟು.

ಕಣಜಕ್ಕೆ ತೂತಿನ ಉದ್ದೇಶ ಬೇಕಿಲ್ಲ, ಅಗಲ ಸಾಕು. ನಾನು ಕಟ್ಟಿದ ಪುಟಗಳನ್ನು ಜನ ಬಳಸುವುದನ್ನೂ ನೋಡಿದ್ದೇನೆ: ಹೆಸರಿನ ಜಾಗದಲ್ಲಿ ಫೋನ್ ನಂಬರ್, ಅಭಿಪ್ರಾಯದ ಜಾಗದಲ್ಲಿ ‘ಶನಿವಾರ ರೂಮ್ ಉಂಟಾ?’

ಕಾರ್ತೆಲ್

ಮಂಗಳೂರಿಗೆ ವರ್ಷಕ್ಕೆ ಬೀಳುವ 3,500 ಮಿ.ಮೀ.ಗೂ ಮಿಕ್ಕಿದ ಮಳೆಯಲ್ಲಿ ಬಹುಪಾಲು ಜೂನ್–ಸೆಪ್ಟೆಂಬರ್ ನಡುವಿನದು. ತೆಂಗಿನ ಮಡಲು ಕಂಬದ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ, ಅದೇ ಕಂಬಕ್ಕೆ ಕಟ್ಟಿದ ಫೈಬರೂ ಹೋಗುತ್ತದೆ. ಆಸುಪಾಸಿನವರೆಲ್ಲ ಒಟ್ಟಿಗೇ ಮೊಬೈಲಿಗೆ ಹೊರಳುತ್ತಾರೆ, ಪುಟಗಳು ತೆವಳತೊಡಗುತ್ತವೆ. ಗಮನಿಸಲು ಇದೇ ಒಳ್ಳೆಯ ಹೊತ್ತು.

ಗಿರಾಕಿಗಳ ಸೈಟುಗಳನ್ನು ಒಂದೊಂದಾಗಿ ತೆರೆದು ಯಾವುದು ಮೊದಲು ಬರುತ್ತದೆಂದು ಬರೆದಿಡುತ್ತೇನೆ. ಒಂದು ಹೋಮ್‌ಸ್ಟೇ ಪುಟ: ಮೊದಲು ಬರೀ ಬಿಳುಪು, ಆಮೇಲೆ ಕುಕೀ ಸೂಚನೆ, ಆಮೇಲೆ ಸೋಮೇಶ್ವರದ ಕಡಲಿನ ಅರ್ಧ ಚಿತ್ರ. ಅತಿಥಿಗೆ ಬೇಕಾದ ಫೋನ್ ನಂಬರ್ ಇರುವುದು ಇನ್ನೂ ಬಾರದ ಅರ್ಧದಲ್ಲಿ. ಅದೇ ಸಿಗ್ನಲ್ಲಿನಲ್ಲಿ, ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣದ, ಸರ್ನ್ ಕಾಪಿಟ್ಟಿರುವ ಪ್ರತಿ ಕೂಡಲೇ ಮೂಡಿತು. ಬರಹ, ಕೊಂಡಿ, ಬೇರೇನಿಲ್ಲ.

ನಡುವೆ ಬಂದ ಫ್ಲ್ಯಾಶ್ ಪುಟಗಳನ್ನು ಕುಣಿಸಿದ್ದೇ ಕುಣಿಸಿದ್ದು. ಅದಕ್ಕೆ ಒಂದೇ ಕಂಪನಿಯ ಪ್ಲಗಿನ್ ಆಸರೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಲ್ಲಿಸಿತು, ಅದರಲ್ಲಿ ಕಟ್ಟಿದ ಪುಟಗಳು ಬ್ರೌಸರಿನಲ್ಲಿ ತಾವಾಗಿ ತೆರೆಯದಾದವು. ನಮ್ಮ ರಾಜ್ಯಚಿಟ್ಟೆಯ ಮರಿಹುಳ ಈಶ್ವರಬಳ್ಳಿಯ ಕುಟುಂಬದ ಎಲೆಯನ್ನಷ್ಟೇ ತಿನ್ನುತ್ತದೆ; ಬಳ್ಳಿ ಕಡಿದರೆ ಬೇರೆ ಊಟವಿಲ್ಲ. ಫ್ಲ್ಯಾಶಿನದೂ ಅದೇ ಕಥೆ.

ಆಟಿ

ಎಲ್ಲೆಲ್ಲೂ ತೇವ. ಕಪಾಟಿನಲ್ಲಿಟ್ಟ ಹಳೆಯ ಲ್ಯಾಪ್‌ಟಾಪಿನ ಪೋರ್ಟುಗಳಿಗೆ ಹಸಿರು ಕಿಲುಬು, ಕ್ಯಾಮೆರಾ ಲೆನ್ಸಿಗೆ ಬೂಷ್ಟಿನ ಎಳೆ. ದಿನವೂ ಚಾಲೂ ಇರುವ ಕಂಪ್ಯೂಟರಿಗೆ ಎರಡೂ ಇಲ್ಲ. ಅದರ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ಹಿಂಬದಿಯ ಸಂದಿನಲ್ಲಿ ಹಲ್ಲಿಯ ಮೊಟ್ಟೆ ಎರಡು. ಆ ಬಿಸುಪು ಹುಡುಕಿಯೇ ಬಂದಿರಬೇಕು.

ಮುಟ್ಟದೆ ಬಿಟ್ಟ ಸೈಟುಗಳೂ ಹಾಳಾಗುತ್ತವೆ. ವರ್ಡ್‌ಪ್ರೆಸ್ಸಿನಲ್ಲಿ ಮೊದಲು ಕೆಡುವುದು ಪ್ಲಗಿನ್‌ಗಳು. ರಂಧ್ರ ಪತ್ತೆಯಾಗಿ, ತೇಪೆ ಬಿಡುಗಡೆಯಾಗಿ, ಯಾರೂ ಹಚ್ಚದೆ ಉಳಿದಲ್ಲಿಗೆ ಬಾಟ್‌ಗಳು ನುಗ್ಗುತ್ತವೆ. ಅವುಗಳ ಹೆಜ್ಜೆ ನೋಡಬೇಕೆಂದರೆ ಸರ್ವರ್ ಲಾಗ್ ಓದಬೇಕು: ನಡುರಾತ್ರಿ ಬಂದು, ಆ ಸೈಟಿನಲ್ಲಿ ಇಲ್ಲವೇ ಇಲ್ಲದ ಲಾಗಿನ್ ಪುಟಗಳ ಕದವನ್ನೂ ತಟ್ಟಿ ಹೋಗಿರುತ್ತವೆ.

ಸೋಣ

ಬಿಸಿಲು ಮರಳಿತು. ಯಕ್ಷಗಾನದ ಮೇಲಿನ ಹಳೆಯ ಕನ್ನಡ ಪುಟಗಳನ್ನು ಹೊಸ ಸರ್ವರಿಗೆ ಸಾಗಿಸುವ ಕೆಲಸ. ತೆರೆದರೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮಗಳ ಕಲಸುಮೇಲೋಗರ. ಆಗಿನ ಫಾಂಟುಗಳು ಇಂಗ್ಲಿಷಿನ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟು ಹೋಯಿತು, ಓದೂ ಹೋಯಿತು. ಯೂನಿಕೋಡಿನಲ್ಲಿ ಬರೆದದ್ದು ಮಾತ್ರ ಯಾವ ಫೋನಿನಲ್ಲೂ ಕನ್ನಡವಾಗಿಯೇ ಇದೆ. ಈ ಏಳುಬೀಳು ದಾಟಿ ಉಳಿದ ಇನ್ನೊಂದು, ನಗರದ ಆಚೆಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಹಿಡಿಸಿದ ಆ ವಿನ್ಯಾಸ ನೆಚ್ಚಿದ್ದು ಉಚ್ಚಾರದ ಕ್ರಮವನ್ನು. ಫಾಂಟುಗಳು ಬದಲಾದರೂ ನನ್ನ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಜಾಗ ಸಿಕ್ಕಿದೆ. ಇನ್ನು ಅದರಲ್ಲಿ ಬರೆಯುವ ಜನ ಬೇಕು.

ಹೋಮ್‌ಸ್ಟೇಯ ಫೋನ್ ನಂಬರನ್ನು ಚಿತ್ರದಿಂದ ತೆಗೆದು ಪುಟದ ತಲೆಗೆ ಬರಹವಾಗಿ ಹಾಕಿದ್ದೇನೆ. ‘ಪುಟ ಬೋಳಾಯಿತಲ್ಲ’ ಎಂದರು ಮಾಲೀಕರು. ಮುಂದಿನ ಕಾರ್ತೆಲಿನಲ್ಲಿ ಕರೆಂಟು ಹೋದ ದಿನಗಳಲ್ಲಿ ಎಷ್ಟು ಕರೆ ಬಂತೆಂದು ಬರೆದಿಡಿ, ಕಡಲಿನ ಚಿತ್ರ ಮೇಲಕ್ಕೆ ಹೋಗಬೇಕೋ ಬೇಡವೋ ಆಮೇಲೆ ಮಾತಾಡುವ ಎಂದಿದ್ದೇನೆ.