ಬೋರ್ಡಿನಲ್ಲಿ ಗಾಜು, ಮನೆಯಲ್ಲಿ ಅಟ್ಟ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಕತ್ತೆತ್ತಿಕೊಂಡು ನಡೆದರೆ ಮೇಲೊಂದು ಬೇರೆಯದೇ ಊರು ಕಾಣುತ್ತದೆ. ಸಿವಿಲ್ ಎಂಜಿನಿಯರುಗಳ, ಆರ್ಕಿಟೆಕ್ಟರ ಬೋರ್ಡುಗಳ ಊರು. ಅಲ್ಲೆಲ್ಲ ಗಾಜಿನ ಗೋಪುರಗಳು, ನೀಲಿ-ಬೂದು ಬಣ್ಣ. ಸಂಸ್ಥೆಯ ಮೊದಲಕ್ಷರವೇ ಬಾಗಿ ಚಾವಣಿಯಾಗಿರುತ್ತದೆ. ಬೋರ್ಡಿನ ಹಿಂದೆ ತೆಂಗಿನ ಗರಿ ಅಲುಗುತ್ತದೆ, ಒಳಗೆ ಮಾತ್ರ ಅದಕ್ಕೆ ಜಾಗವಿಲ್ಲ.

ಹಿಂದೆ ಬೋರ್ಡ್ ಬರೆಯುವವರು ತಗಡಿನ ಮೇಲೆ ಸುಣ್ಣದ ದಾರ ಮಿಡಿದು ಗೆರೆ ಹೊಡೆದು, ಎನಾಮೆಲ್ ಬಣ್ಣ ತುಂಬುತ್ತಿದ್ದರು. ತಲೆಕಟ್ಟು ಒಬ್ಬೊಬ್ಬರದು ಒಂದೊಂದು ವರಸೆ. ಮೂಲೆಯಲ್ಲಿ ಬರೆದವರ ಹೆಸರು. ಫ್ಲೆಕ್ಸ್ ಬಂತು, ಎಲ್ಲರಿಗೂ ಒಂದೇ ಫಾಂಟ್. 2024ರ ತಿದ್ದುಪಡಿ ಕಾಯ್ದೆ ನಾಮಫಲಕದ ಶೇ 60 ಭಾಗವನ್ನು ಕನ್ನಡಕ್ಕೆ ಕೊಡಿಸಿತು, ಸರಿ. ಅಕ್ಷರದ ಚೆಲುವಿಗೆ ಯಾವ ಕಾಯ್ದೆ? ಇಂಗ್ಲಿಷಿಗೆಂದು ಮಾಡಿಸಿದ ಲೋಗೋದ ಮೇಲೆ ಕನ್ನಡವನ್ನು ಹಿಗ್ಗಿಸಿ ಕೂರಿಸಿದ್ದಾರೆ. ಒತ್ತಕ್ಷರಗಳು ಇಳಿಬಿದ್ದು ಫೋನ್ ನಂಬರಿಗೆ ತಾಗುತ್ತಿವೆ.

ಮೆಟ್ಟಿಲು ಹತ್ತಿ ಒಂದು ಕಚೇರಿಗೆ ಹೋದೆ. ತುರುವೇಕೆರೆ ಕಡೆಯ ರೈತರೊಬ್ಬರ ಮುಂದೆ ಪ್ಲಾನ್ ಹರಡಿತ್ತು. ಬಲಗಡೆ ಕೆಳಮೂಲೆಯ ಚೌಕದಲ್ಲಿ ಲೋಗೋ, ಅಳತೆಯ ಪ್ರಮಾಣ, ಉತ್ತರದ ಬಾಣ.

“ಆಯ ನೋಡಿದೀರಾ ಸಾರ್?”

“ನೋಡಿದೀನಿ ಯಜಮಾನ್ರೇ.”

“ಅಟ್ಟ ಎಲ್ಲಿ ಬತ್ತದೆ?”

ಎಂಜಿನಿಯರ್ ಹಾಳೆ ತಿರುಗಿಸಿದರು. ಅಟ್ಟ ಇರಲಿಲ್ಲ.

ಈ ಸೀಮೆಯ ಮನೆಗೆ ಅಟ್ಟವೇ ಜೀವ. ಬಲಿತ ಕಾಯಿ ಹೆಚ್ಚುಕಡಿಮೆ ವರ್ಷಪೂರ್ತಿ ಅಲ್ಲಿ ಕೂತು, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಉಂಡೆ ಕೊಬ್ಬರಿ ಗಡಗಡ ಅನ್ನಬೇಕು. ಅದಕ್ಕೆ ಸಂದು ಬಿಟ್ಟ ಹಲಗೆ, ಕೆಳಗಿಂದ ಗಾಳಿ, ಮೇಲೆ ಸೋರದ ಸೂರು ಬೇಕು. ಲೋಗೋ ಬೇಕಾದವರಿಗೆ ಇದೇ ಸಾಕಲ್ಲ: ಎರಡು ಇಳಿಜಾರು ಗೆರೆ, ಅದರಡಿ ಒಂದಷ್ಟು ಸೊನ್ನೆ. ಚಿಕ್ಕನಾಯಕನಹಳ್ಳಿಯ ಓದು ಬಾರದ ಅಜ್ಜಿಯೂ ಗುರುತು ಹಿಡಿದಾಳು.

ಕಟ್ಟುವವರ ಗುರುತು ಹೇಗಿತ್ತೆಂದು ನೋಡಬೇಕಾದರೆ ಚನ್ನರಾಯಪಟ್ಟಣದ ದಾರಿ ಹಿಡಿದು ನುಗ್ಗೇಹಳ್ಳಿಗೆ ಹೋಗಬೇಕು. 1246ರ ಲಕ್ಷ್ಮೀನರಸಿಂಹ ದೇಗುಲದ ಹೊರಗೋಡೆಯ ವಿಗ್ರಹಗಳಡಿ ರೂವಾರಿಗಳು ಹೆಸರು ಕೊರೆದಿದ್ದಾರೆ: ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಉಪಾಧ್ಯಾಯ ಎಂಬುದೇ ಸವೆದು ‘ಓಜ’ ಆಗಿದೆ. ಮಲ್ಲಿತಮ್ಮನ ಹೆಸರು ಅಮೃತಪುರದಲ್ಲೂ ಉಂಟು, ಸೋಮನಾಥಪುರದಲ್ಲೂ ಉಂಟು. ದಾರಿಹೋಕರಿಗೆ ಕಾಣಲೆಂದು ಕೊರೆದದ್ದಲ್ಲ ಅದು. ವಿಗ್ರಹಕ್ಕೆ ಮನಸೋತು ಬಗ್ಗಿದವರಿಗಷ್ಟೇ ಸಿಗುತ್ತದೆ.

ಕಚೇರಿಯಲ್ಲಿ ರೈತರು ಜಗ್ಗಲಿಲ್ಲ. ಎಂಜಿನಿಯರ್ ಪೆನ್ಸಿಲ್ ತಗೊಂಡು, ಹಾಳೆಯಂಚಿನ ಖಾಲಿಯಲ್ಲಿ ಅಟ್ಟದ ನೋಟವನ್ನು ಗೀಚಿ ತೋರಿಸಿದರು. ಜಾಗ ಸಾಲದೆ ಗೆರೆ ಕೆಳಮೂಲೆಗೆ ಇಳಿದು, ಲೋಗೋದ ಗಾಜಿನ ಗೋಪುರದ ತಲೆಯ ಮೇಲೆ ಓರೆಯಾಗಿ ಹೆಂಚಿನ ಸೂರು ಕೂತಿತು.