ಎರಡು ಗೆರೆಗಳು ಹೇಳುವ ಬಿಸಿ

ಕುಲುಮೆಯ ಕಬ್ಬಿಣದ ಬಣ್ಣ ನೋಡಿಯೇ ಅದೆಷ್ಟು ಕಾದಿದೆ ಎಂದು ಕಮ್ಮಾರ ಹೇಳಬಲ್ಲ. ನಕ್ಷತ್ರಕ್ಕೂ ಅದೇ ಉಪಾಯ ಸಾಲದೇ? ಸೂರ್ಯನಂಥವಕ್ಕೆ ಬಹುಮಟ್ಟಿಗೆ ಸಾಕು. ಆದರೆ 20,000 ಕೆಲ್ವಿನ್ ದಾಟಿದ ನಕ್ಷತ್ರಗಳಲ್ಲಿ ಬಣ್ಣ ಕೈಕೊಡುತ್ತದೆ. ಅವುಗಳ ಬೆಳಕಿನ ದೊಡ್ಡ ಪಾಲು ಕಣ್ಣಿಗೆ ಕಾಣದ ಅತಿನೇರಳೆಯಲ್ಲಿ ಹೊಮ್ಮುತ್ತದೆ. ಕಾಣುವ ಬೆಳಕಿನಲ್ಲಿ 25,000ಕ್ಕೂ 40,000ಕ್ಕೂ ಹೆಚ್ಚುಕಡಿಮೆ ಒಂದೇ ತೆಳುನೀಲಿ. ಸಾಲದ್ದಕ್ಕೆ ದಾರಿಯ ಧೂಳು ಆ ನೀಲಿಯನ್ನೂ ನುಂಗಿ ನಕ್ಷತ್ರವನ್ನು ಕೆಂಪಾಗಿಸುತ್ತದೆ. ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳಿಗೆ ಈ ತೊಂದರೆಯಿಲ್ಲ. ಗೆರೆಯ ಆಳವನ್ನು ಅಕ್ಕಪಕ್ಕದ ಬೆಳಕಿಗೇ ಹೋಲಿಸಿ ಅಳೆಯುವುದರಿಂದ, ಎಷ್ಟೇ ಧೂಳಿದ್ದರೂ ಆ ಅಳತೆ ಕೆಡುವುದಿಲ್ಲ.

ಅತ್ಯಂತ ಬಿಸಿಯಾದ ಓ ವರ್ಗದ ನಕ್ಷತ್ರಗಳಲ್ಲಿ ನೋಡಬೇಕಾದದ್ದು ಎರಡೇ ಗೆರೆ. 447.1 ನ್ಯಾನೋಮೀಟರಿನದು ಇಡಿಯಾಗಿರುವ ಹೀಲಿಯಂನದು, 454.1ರದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನದು. ಬಿಸಿ ಏರಿದಂತೆ ಮೊದಲನೆಯದು ಸೊರಗುತ್ತದೆ, ಎರಡನೆಯದು ಗಟ್ಟಿಯಾಗುತ್ತದೆ. ಎರಡೂ ಸಮವಾದರೆ ತಾಪ ಸುಮಾರು 36,000 ಕೆಲ್ವಿನ್. ಧಾತು ಒಂದೇ ಆದ್ದರಿಂದ ನಕ್ಷತ್ರದಲ್ಲಿ ಹೀಲಿಯಂ ಎಷ್ಟಿದೆ ಎಂಬ ಗೊಂದಲ ಬಹುತೇಕ ತಪ್ಪುತ್ತದೆ. ಈ ಓದಿಗೆ ತಳಹದಿ, ಎಷ್ಟು ಬಿಸಿಗೆ ಎಷ್ಟು ಪಾಲು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಎಂದು ಹೇಳುವ, ಮೇಘನಾದ ಸಹಾ 1920ರಲ್ಲಿ ಪ್ರಕಟಿಸಿದ ಸಮೀಕರಣ. ಅದರಲ್ಲಿ ಒತ್ತಡಕ್ಕೂ ಪಾಲಿದೆ: ಅನಿಲ ವಿರಳವಾದರೆ ಕಳಚಿದ ಎಲೆಕ್ಟ್ರಾನ್ ಮರಳಿ ಸೇರುವುದು ಕಷ್ಟ, ಕಡಿಮೆ ಬಿಸಿಯಲ್ಲೇ ಅದೇ ಅನುಪಾತ ಬಂದೀತು. ಆದ್ದರಿಂದ ಒತ್ತಡವನ್ನೂ ಜೊತೆಗೇ ಅಳೆಯಬೇಕು. ಅದಕ್ಕೆ ಹೈಡ್ರೋಜನ್ ಗೆರೆಗಳ ಅಂಚುಗಳಿವೆ. ಸುತ್ತಲಿನ ವಿದ್ಯುದಾವೇಶದ ಕಣಗಳು ಒತ್ತೊತ್ತಾಗಿದ್ದಷ್ಟೂ ಆ ಅಂಚುಗಳು ಉದ್ದಕ್ಕೆ ಚಾಚಿಕೊಳ್ಳುತ್ತವೆ. ಒತ್ತಡವನ್ನು ನಿರ್ಧರಿಸುವ ಮೇಲ್ಮೈಯ ಗುರುತ್ವ ತಿಳಿಯುವುದು ಅಲ್ಲಿಂದಲೇ.

ಇದೆಲ್ಲ ಕಂಪ್ಯೂಟರ್ ಮಾದರಿಯ ಮೇಲೆ ನಿಂತ ಲೆಕ್ಕವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಲೋಹಗಳ ಸಾವಿರಾರು ಗೆರೆಗಳನ್ನೂ ನಕ್ಷತ್ರದಿಂದ ಬೀಸುವ ಅನಿಲದ ಗಾಳಿಯನ್ನೂ ಮಾದರಿಗೆ ಸೇರಿಸಿದ ಮೇಲೆ ಓ ನಕ್ಷತ್ರಗಳ ತಾಪ ಕೆಲವು ಸಾವಿರ ಕೆಲ್ವಿನ್ ಇಳಿದದ್ದು ನಿಜ. ಆದರೂ ವಿಧಾನವನ್ನೇ ತಳ್ಳಿಹಾಕಲು ಕಾರಣವಿಲ್ಲ, ಏಕೆಂದರೆ ಗೆರೆಗಳನ್ನು ಮುಟ್ಟದ ಇನ್ನೊಂದು ದಾರಿಯಿದೆ. ಆಸ್ಟ್ರೇಲಿಯಾದ ನರಾಬ್ರೈಯಲ್ಲಿ 32 ನಕ್ಷತ್ರಗಳ ಕೋನವ್ಯಾಸವನ್ನು, ಅಂದರೆ ಆಗಸದಲ್ಲಿ ಅವು ಕಾಣುವ ಅಗಲವನ್ನು, ನೇರವಾಗಿ ಅಳೆದರು. ಅದಕ್ಕೆ ಕಾಣುವ ಬೆಳಕಿನ ಜೊತೆ ಉಪಗ್ರಹ ಅಳೆದ ಅತಿನೇರಳೆ ಬೆಳಕನ್ನೂ ಸೇರಿಸಿದರೆ ತಾಪ ಸಿಗುತ್ತದೆ. ಆ ಪಟ್ಟಿಯಲ್ಲಿ ನಮ್ಮ ಚಿತ್ರಾ ನಕ್ಷತ್ರವೂ ಇದೆ. ಅದು ಓ ವರ್ಗಕ್ಕಿಂತ ತಂಪು; ಅಲ್ಲಿ ಹೀಲಿಯಂ ಬದಲು ಸಿಲಿಕಾನ್ ಗೆರೆಗಳನ್ನು ಹೋಲಿಸುತ್ತಾರೆ, ತಾಪ 25,000 ಕೆಲ್ವಿನ್ ಆಸುಪಾಸು. ಆದರೆ ಚಿತ್ರಾ ಒಂದಲ್ಲ, ನಾಲ್ಕು ದಿನಕ್ಕೊಮ್ಮೆ ಪರಸ್ಪರ ಸುತ್ತುವ ಜೋಡಿ. ಸೆಳೆತಕ್ಕೆ ಸಿಕ್ಕಿ ದೊಡ್ಡದು ಮೊಟ್ಟೆಯಾಕಾರಕ್ಕೆ ತಿರುಗಿದೆ, ಅದರ ಮೈಯೆಲ್ಲ ಒಂದೇ ಬಿಸಿಯಲ್ಲ. 25,000 ಎಂಬುದು ಅದರ ಸರಾಸರಿ.